ಹಿಕ್ಕೆಯೇ ಉದ್ಯೋಗ, ಮೀನೇ ಸಂಬಳ

ಪೆರು ದೇಶದ ಪಿಸ್ಕೊ ಬಂದರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆ, ಪೆಸಿಫಿಕ್ ಸಾಗರದಲ್ಲಿ, ಚಿಂಚಾ ಎನ್ನುವ ಮೂರು ಬೋಳು ದ್ವೀಪಗಳಿವೆ. ಮರವಿಲ್ಲ, ಹುಲ್ಲಿಲ್ಲ, ಕುಡಿಯಲು ತೊಟ್ಟು ಸಿಹಿನೀರಿಲ್ಲ. ದಡ ಮುಟ್ಟುವ ಮೊದಲೇ ಅಮೋನಿಯಾ ವಾಸನೆ ಮೂಗಿಗೆ ಬಡಿಯುತ್ತದೆ. ಇಲ್ಲಿನ ಮೂಲನಿವಾಸಿ ಗ್ವಾನಾಯ್ ಹಕ್ಕಿ. ನಮ್ಮ ರಂಗನತಿಟ್ಟಿನ ನೀರುಕಾಗೆಯ ಬಳಗದ್ದು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಕೆಂಪು ಚರ್ಮ, ಅದರೊಳಗೆ ಒಂದು ಹಸಿರು ಉಂಗುರ.

ಕಡಲು ಒಮ್ಮೆ ಕಾದು ಒಮ್ಮೆ ತಣಿಯುವ ಎಲ್ ನಿನೊ, ಲಾ ನಿನಾಗಳ ಬಗ್ಗೆ ವಿಜ್ಞಾನಿಗಳು ಮಾತಾಡಿದ್ದಾರೆ, ಮಂತ್ರಿಗಳು ಮಾತಾಡಿದ್ದಾರೆ, ಷೇರುಪೇಟೆಯ ಪಂಡಿತರಂತೂ ಮಾತಾಡುತ್ತಲೇ ಇದ್ದಾರೆ. ಅದರ ಏಟು ನೇರವಾಗಿ ಹೊಟ್ಟೆಗೆ ತಿನ್ನುವವರನ್ನು ಯಾರೂ ಕೇಳಿದಂತಿಲ್ಲ. ಹಾಗಾಗಿ ಈ ಸಂದರ್ಶನ. ಹಕ್ಕಿಗೆ ಕನ್ನಡ ಹೇಗೆ ಬಂತು ಎಂದು ಯಾರೂ ಕೇಳಬಾರದು. ದುರ್ಗಸಿಂಹನ ಪಂಚತಂತ್ರ ಹುಟ್ಟಿದ ನಾಡಿನಲ್ಲಿ ಅದು ಪ್ರಶ್ನೆಯೇ ಅಲ್ಲ.

ಪ್ರಶ್ನೆ: ನಮಸ್ಕಾರ ಅಜ್ಜೀ. ಬೆಂಗಳೂರಿನ ಪತ್ರಿಕೆಯೊಂದರಿಂದ ಬಂದಿದ್ದೇನೆ.

ಅಜ್ಜಿ: ಬಾರಪ್ಪಾ. ಸ್ವಲ್ಪ ಈಚೆಗೆ ಸರಿದು ನಿಲ್ಲು, ಅದು ಪಕ್ಕದ ಮನೆಯವಳ ಜಾಗ. ಚದರ ಮೀಟರಿಗೆ ಮೂರು ಸಂಸಾರ ಇದ್ದೇವೆ ಇಲ್ಲಿ. ಕತ್ತು ಚಾಚಿದರೆ ಕೊಕ್ಕಿಗೆ ಕೊಕ್ಕು ತಾಗುತ್ತದೆ, ತಾಗಿದರೆ ಜಗಳ. ನಡುವೆ ಗೋಡೆ ಎಬ್ಬಿಸೋಣ ಅಂದರೆ ಸಿಗುವ ಸಾಮಾನು ಒಂದೇ, ಹಿಕ್ಕೆ. ಹಿಕ್ಕೆಯಲ್ಲೇ ಗೂಡು, ಹಿಕ್ಕೆಯಲ್ಲೇ ಬಾಣಂತನ.

ಪ್ರಶ್ನೆ: ಉದ್ಯೋಗ?

ಅಜ್ಜಿ: ಅದೂ ಅದೇ. ದಿನಕ್ಕೆ ಸುಮಾರು 400 ಗ್ರಾಂ ಮೀನು ತಿನ್ನುತ್ತೇನೆ, ಬಂಡೆಯ ಮೇಲೆ ಕೂತು ಗೊಬ್ಬರ ಮಾಡಿಕೊಡುತ್ತೇನೆ. ಸರ್ಕಾರದ ಕಾವಲುಗಾರ ಇದ್ದಾನೆ. ಕೆಲವು ವರ್ಷಕ್ಕೊಮ್ಮೆ ಸರದಿಯ ಮೇಲೆ ಕೂಲಿಯವರು ಗುದ್ದಲಿ, ಪೊರಕೆ ಹಿಡಿದು ಬಂದು ಕೆರೆದು, ಗುಡಿಸಿ ಚೀಲಕ್ಕೆ ತುಂಬುತ್ತಾರೆ. ಈಗಲೂ ಎಲ್ಲ ಕೈಕೆಲಸವೇ. ಸಾವಯವ ಅಂತ ಹೆಸರು ಹಾಕಿದರೆ ರೈತರಲ್ಲಿ ಒಳ್ಳೆಯ ಬೇಡಿಕೆ. ನನಗೆ ಮಾತ್ರ ಪಿಂಚಣಿ ಇಲ್ಲ, ತುಟ್ಟಿಭತ್ಯೆ ಇಲ್ಲ.

ಪ್ರಶ್ನೆ: ಇದನ್ನು ಉದ್ಯೋಗ ಅನ್ನಬಹುದೇ ಎಂದು ನಮ್ಮ ಓದುಗರು ಕೇಳಿಯಾರು.

ಅಜ್ಜಿ: ಕೇಳಲಿ. ಇಂಕಾ ದೊರೆಗಳ ಕಾಲದಲ್ಲಿ, ನಾವು ಮೊಟ್ಟೆಯಿಡುವ ಹೊತ್ತಿಗೆ ದ್ವೀಪಕ್ಕೆ ಕಾಲಿಟ್ಟವನಿಗೆ ಮರಣದಂಡನೆ ಇತ್ತು. ನಾನು ಕೊಚ್ಚಿಕೊಳ್ಳುತ್ತಿಲ್ಲ, ಇಂಕಾ ತಾಯಿಯ ಮಗ ಗಾರ್ಸಿಲಾಸೊ ದೆ ಲಾ ವೆಗಾ ಬರೆದಿಟ್ಟು ಹೋಗಿದ್ದಾನೆ. ಆಮೇಲೆ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಸಾಹೇಬ ಬಂದ. 1802ರಲ್ಲಿ ಈ ಕಡಲಿಗೆ ತಾಪಮಾಪಕ ಅದ್ದಿ ನೋಡಿದ, ಹೋಗುವಾಗ ನಮ್ಮ ಹಿಕ್ಕೆಯ ಸ್ಯಾಂಪಲ್ಲು ಯುರೋಪಿಗೆ ಒಯ್ದ. 1840ರ ದಶಕಕ್ಕೆ ಇಂಗ್ಲೆಂಡಿನ ಹೊಲಗಳಿಗೆ ನಾವಿಲ್ಲದೆ ಆಗುತ್ತಿರಲಿಲ್ಲ. ನಮ್ಮ ಪೂರ್ವಿಕರ ದುಡಿಮೆ ಕೆಲವು ಕಡೆ ನಲವತ್ತು ಐವತ್ತು ಮೀಟರ್ ದಪ್ಪ ಕೂತಿತ್ತು, ನಲವತ್ತೇ ವರ್ಷದಲ್ಲಿ ಬಂಡೆ ಕಾಣುವವರೆಗೆ ಕೆರೆದು ಮಾರಿದರು. ಪೆರು ಸರ್ಕಾರದ ವರಮಾನದಲ್ಲಿ ಅರ್ಧಕ್ಕೂ ಮಿಕ್ಕಿ ನಮ್ಮಿಂದಲೇ ಬಂದ ವರ್ಷಗಳಿದ್ದವು. 1856ರಲ್ಲಿ ಅಮೆರಿಕದವರು ಒಂದು ಕಾನೂನನ್ನೇ ಮಾಡಿಕೊಂಡರು: ಯಾರಿಗೂ ಸೇರದ, ಹಿಕ್ಕೆ ಇರುವ ದ್ವೀಪ ಕಂಡರೆ ಅದನ್ನು ಅಮೆರಿಕದ ಹೆಸರಿಗೆ ಬರೆಸಿಕೊಳ್ಳಬಹುದು ಅಂತ. 1864ರಲ್ಲಿ ಸ್ಪೇನ್ ಹಡಗು ಕಳಿಸಿ ಈ ದ್ವೀಪಗಳನ್ನೇ ಹಿಡಿದುಕೊಂಡಿತು. ಹಿಕ್ಕೆಗೆ ಯುದ್ಧ ನಡೆಯಿತಪ್ಪಾ! ನಿಮ್ಮ ಕಡೆ ಯಾವ ಸಾಹಿತಿ ಹಾಕಿದ್ದಕ್ಕೆ ಯುದ್ಧ ನಡೆದಿದೆ ಹೇಳು.

ಆದರೆ ಕೆರೆದವರ ಕಥೆ ಬೇರೆ. ಚೀನಾದಿಂದ ಕರಾರಿನ ಮೇಲೆ ಹಡಗು ತುಂಬಿ ತಂದ ಕೂಲಿಗಳು. ಆ ಧೂಳಿನಲ್ಲಿ ಎಷ್ಟೋ ಜನ ಸತ್ತರು, ತಾಳಲಾರದೆ ಬಂಡೆಯಿಂದ ಹಾರಿಯೂ ಸತ್ತರು. ಅದನ್ನು ತಮಾಷೆಯ ಜೊತೆ ಬೆರೆಸಿ ಬರೆಯಬೇಡ.

ಪ್ರಶ್ನೆ: ಇಲ್ಲ ಅಜ್ಜಿ. ಹಕ್ಕಿಗಳು ಎಲ್ಲ ಕಡೆ ಇವೆಯಲ್ಲ, ಹಿಕ್ಕೆ ಇಲ್ಲೇ ಏಕೆ ಇಷ್ಟು ಕೂಡಿತು?

ಅಜ್ಜಿ: ಮಳೆ ಇಲ್ಲದ್ದಕ್ಕೆ. ನಿಮ್ಮ ಆಗುಂಬೆಯಲ್ಲಿ ಕೂತಿದ್ದರೆ ಒಂದೇ ಆಷಾಢಕ್ಕೆ ಎಲ್ಲ ತೊಳೆದು ಹೋಗುತ್ತಿತ್ತು. ಇಲ್ಲಿ ಕಡಲು ತಣ್ಣಗೆ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲಕ್ಕೇರುವುದಿಲ್ಲ. ಮಂಜು ಕವಿಯುತ್ತದೆ, ಮಳೆಯಾಗುವುದಿಲ್ಲ, ಹಾಗಾಗಿ ದಡದುದ್ದಕ್ಕೂ ಮರುಭೂಮಿ. ಹಿಕ್ಕೆ ಉಳಿಸುವ ಆ ತಣ್ಣೀರೇ ಮೀನನ್ನೂ ಕೊಡುತ್ತದೆ. ದಕ್ಷಿಣದಿಂದ ದಡದ ಗುಂಟ ಗಾಳಿ ಬೀಸುತ್ತದೆ, ಭೂಮಿ ತಿರುಗುತ್ತದೆ, ಎರಡೂ ಸೇರಿ ಮೇಲಿನ ನೀರನ್ನು ದಡದಿಂದಾಚೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ. ಬರುವಾಗ ಆಳದ ನೈಟ್ರೇಟು, ಫಾಸ್ಫೇಟು ಹೊತ್ತು ತರುತ್ತದೆ. ಅದಕ್ಕೆ ಬಿಸಿಲು ಬಿದ್ದರೆ ಕಣ್ಣಿಗೆ ಕಾಣದ ಸಸ್ಯಗಳು ಹಬ್ಬಿ ನೀರೆಲ್ಲ ಹಸಿರು. ಅದನ್ನು ತಿನ್ನುವ ಪ್ಲವಕ, ಪ್ಲವಕ ತಿನ್ನುವ ಆಂಚೊವೆಟಾ ಮೀನು, ಮೀನು ತಿನ್ನುವ ನಾನು. ಆಂಚೊವೆಟಾ ಅಂದರೆ ನಿಮ್ಮ ಕರಾವಳಿಯ ಕೊಲ್ಲತ್ತರು ಮೀನಿನ ದಾಯಾದಿ, ಗೇಣುದ್ದವೂ ಇಲ್ಲ. ಲೋಕದ ಕಡಲುಗಳಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲದ ಈ ಪಟ್ಟಿಯಿಂದ ಲೋಕದ ಮೀನಿನಲ್ಲಿ ಹತ್ತರಲ್ಲೊಂದು ಪಾಲು ಬಂದದ್ದುಂಟು.

ಪ್ರಶ್ನೆ: ಈಗ ಎಲ್ ನಿನೊ ವಿಷಯಕ್ಕೆ ಬರೋಣವೇ?

ಅಜ್ಜಿ: ಆ ಹುಡುಗನ ಹೆಸರು ತೆಗೆಯದೆ ಯಾವ ಪತ್ರಕರ್ತನೂ ಇಲ್ಲಿಂದ ಎದ್ದದ್ದಿಲ್ಲ. ಉತ್ತರದ ಪೈಟಾ ಬಂದರಿನ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಬೆಚ್ಚಗಿನ ನೀರು ಬರುವುದನ್ನು ಕಂಡು ಬಾಲಯೇಸುವಿನ ಹೆಸರಿಟ್ಟರು, ಎಲ್ ನಿನೊ ಅಂದರೆ ಹುಡುಗ. 1892ರಲ್ಲಿ ಕಮಿಲೊ ಕರಿಯೊ ಎಂಬ ನೌಕಾಪಡೆಯ ಕ್ಯಾಪ್ಟನ್ ಅದನ್ನು ಲಿಮಾದ ಭೂಗೋಳ ಸಂಘಕ್ಕೆ ಬರೆದು ತಿಳಿಸಿದ. ಅಲ್ಲಿಗೆ ಕಡತ ತೆರೆಯಿತು.

ನಡೆಯುವುದು ಇಷ್ಟು. ಮಾಮೂಲಿ ದಿನಗಳಲ್ಲಿ ವಾಣಿಜ್ಯ ಮಾರುತಗಳು ಇಲ್ಲಿಂದ ಪಡುವಣಕ್ಕೆ ಬೀಸುತ್ತ ಸಮಭಾಜಕದ ಬಿಸಿನೀರನ್ನೆಲ್ಲ ಇಂಡೊನೇಷ್ಯಾದ ಕಡೆ ಗುಡ್ಡೆ ಹಾಕಿರುತ್ತವೆ. ಅಲ್ಲಿಯ ಸಮುದ್ರಮಟ್ಟ ಇಲ್ಲಿಗಿಂತ ಸುಮಾರು ಅರ್ಧ ಮೀಟರ್ ಎತ್ತರ. ಎರಡರಿಂದ ಏಳು ವರ್ಷಕ್ಕೊಮ್ಮೆ ಆ ಗಾಳಿ ಸೋಲುತ್ತದೆ. ಗುಡ್ಡೆಯಾದ ಬಿಸಿನೀರು ಈ ಕಡೆ ಜಾರುತ್ತದೆ. ನೀರೊಳಗೆ ಒಂದು ಅಲೆ ಎರಡು ಮೂರು ತಿಂಗಳಲ್ಲಿ ಇಡೀ ಪೆಸಿಫಿಕ್ ದಾಟಿ ಬಂದು ನಮ್ಮ ದಡದಲ್ಲಿ ಬಿಸಿನೀರಿನ ಪದರವನ್ನು ದಪ್ಪ ಮಾಡಿಬಿಡುತ್ತದೆ. ಈಗ ತಮಾಷೆ ನೋಡು: ದಡದ ಗಾಳಿ ನಿಂತಿಲ್ಲ, ನೀರು ಸೇದುವ ಕೆಲಸ ನಡೆದೇ ಇದೆ. ಆದರೆ ಬಾವಿಯಲ್ಲಿ ನೀರು ಪಾತಾಳಕ್ಕಿಳಿದು ಹಗ್ಗ ಮಾತ್ರ ಮೊದಲಿನಷ್ಟೇ ಉದ್ದ ಇದ್ದರೆ ಬಿಂದಿಗೆ ಬರಿದೇ ಬರುತ್ತದಲ್ಲ, ಹಾಗೆ. ಏರಿ ಬರುವುದು ಬಿಸಿನೀರು, ಸಾರವಿಲ್ಲದ ನೀರು. ನೋಡಲು ತಿಳಿ ನೀಲಿ, ಫೋಟೊಕ್ಕೆ ಚೆಂದ. ನಮಗೆ ನೀಲಿ ನೀರು ಅಂದರೆ ಉಪವಾಸ.

ಪ್ರಶ್ನೆ: ಗೂಡಿನಲ್ಲಿ ಅದು ಹೇಗೆ ಗೊತ್ತಾಗುತ್ತದೆ?

ಅಜ್ಜಿ: ಯಜಮಾನರು ತಡವಾಗಿ ಬರುತ್ತಾರೆ. ಬೆಳಿಗ್ಗೆ ಹೋದವರು ಮಧ್ಯಾಹ್ನಕ್ಕೆ ಬರುವ ಬದಲು ಸಂಜೆ, ಸಂಜೆಯ ಬದಲು ಮಾರನೇ ದಿನ. ಗಂಟಲಲ್ಲಿ ತಂದದ್ದು ಎರಡು ಮೀನು. ಮೀನು ಸತ್ತಿರುವುದಿಲ್ಲ. ತಣ್ಣೀರು ಹುಡುಕಿಕೊಂಡು ಆಳಕ್ಕೆ ಇಳಿದಿರುತ್ತದೆ, ಇಲ್ಲವೇ ದಕ್ಷಿಣಕ್ಕೆ ಹೋಗಿರುತ್ತದೆ. ನಮ್ಮ ಮುಳುಗಿಗೆ ಒಂದು ಮಿತಿ ಇದೆ. ಎರಡು ದಿನ ಕಾಯುತ್ತೇನೆ, ಮೂರನೆಯ ದಿನ ಮೊಟ್ಟೆಯ ಮೇಲಿಂದ ಏಳುತ್ತೇನೆ. ಪಕ್ಕದವಳೂ ಏಳುತ್ತಾಳೆ. ಅಷ್ಟು ಹೊತ್ತಿಗೆ ಕಡಲ ಗಲ್‌ಗಳು ಸಾಲಿನ ಆ ತುದಿಯಿಂದ ಮೊಟ್ಟೆ ಒಡೆಯುತ್ತ ಬರುತ್ತಿರುತ್ತವೆ.

ಪ್ರಶ್ನೆ: ಮೊಟ್ಟೆ ಬಿಟ್ಟು ಹೋಗಲು ತಾಯಿಕರುಳು ಒಪ್ಪುತ್ತದೆಯೇ?

ಅಜ್ಜಿ: ನಿಮ್ಮ ಸೀರಿಯಲ್ಲಿನ ಪ್ರಶ್ನೆ ಇಲ್ಲಿ ಕೇಳಬೇಡ. ನಾನು ಬದುಕಿದರೆ ಇನ್ನೂ ಹತ್ತು ಸಲ ಮೊಟ್ಟೆ ಇಡುತ್ತೇನೆ. ಇಲ್ಲೇ ಕೂತರೆ ಮೊಟ್ಟೆಯೂ ಇಲ್ಲ, ನಾನೂ ಇಲ್ಲ. ಚಿಲಿಯ ಕಡೆಗೋ ಈಕ್ವೆಡಾರಿನ ಕಡೆಗೋ ಹಾರುತ್ತೇವೆ. ಹಾರಿದವರೆಲ್ಲ ತಲುಪುವುದಿಲ್ಲ, ಅಲೆ ತಂದು ಹಾಕಿದ ಹೆಣಗಳು ದಡದುದ್ದಕ್ಕೂ ಬಿದ್ದಿರುತ್ತವೆ. ಕೆಲವರು ಮಾನ ಬಿಟ್ಟು ಊರು ಸೇರುತ್ತಾರೆ. ಆ ಬಂಡೆಯ ಮೇಲೆ ಕೂತಿದ್ದಾನಲ್ಲ, ನಿಮ್ಮ ಹೆಜ್ಜಾರ್ಲೆಯ ಜಾತಿಯವನು, ಪೆಲಿಕನ್ನು, ಅವನ ಬಳಗದವರು ಮೀನು ಮಾರುಕಟ್ಟೆಯಲ್ಲಿ ಮಾರುವವಳ ಸೆರಗು ಹಿಡಿದು ನಿಲ್ಲುತ್ತಾರೆ.

(ಪೆಲಿಕನ್ ಆಚೆ ಕಡೆಯಿಂದ ಏನೋ ಆಕ್ಷೇಪಣೆ ಎತ್ತಿತು. ಬಾಯಲ್ಲಿ ಮೀನು ಇದ್ದುದರಿಂದ ಸ್ಪಷ್ಟವಾಗಲಿಲ್ಲ.)

ಗೂಡು ಬಿಟ್ಟು ಹೋಗುವವರು ನಾವಷ್ಟೇ ಅಲ್ಲ. 1982ರ ನವೆಂಬರಿನಲ್ಲಿ ಪೆಸಿಫಿಕ್ ನಡುವಿನ ಕ್ರಿಸ್‌ಮಸ್ ದ್ವೀಪಕ್ಕೆ ಹೋದ ಪಕ್ಷಿ ವಿಜ್ಞಾನಿಗೆ ದ್ವೀಪವೇ ಖಾಲಿ ಸಿಕ್ಕಿತು. ಕೋಟಿಗೂ ಮಿಕ್ಕಿದ ಕಡಲಹಕ್ಕಿಗಳು ಮರಿಗಳನ್ನು ಬಿಟ್ಟು ಹೊರಟುಹೋಗಿದ್ದವು. ಆ ವರ್ಷದ್ದು ದೊಡ್ಡ ಕಥೆ ಕಣಪ್ಪಾ. ಅದೇ ಮಾರ್ಚ್, ಏಪ್ರಿಲಿನಲ್ಲಿ ಮೆಕ್ಸಿಕೊದ ಎಲ್ ಚಿಚೊನ್ ಜ್ವಾಲಾಮುಖಿ ಸಿಡಿದು ಮೇಲಿನ ವಾಯುಮಂಡಲಕ್ಕೆಲ್ಲ ಮುಸುಕು ಹಾಕಿತ್ತು. ಉಪಗ್ರಹ ಆ ಮುಸುಕಿನ ಮೂಲಕ ನೋಡಿ ಸಮುದ್ರ ತಣ್ಣಗಿದೆ ಅಂತ ವರದಿ ಕೊಟ್ಟಿತು. ಪಂಡಿತರೂ ಸರಿ ಅಂದರು. ನಾವು ಗೂಡು ಬಿಟ್ಟು ಎದ್ದಿದ್ದೆವು, ನಮ್ಮನ್ನು ಕೇಳುವವರಿರಲಿಲ್ಲ. ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲಿ ಒಂದು ಅವರ ಮೂಗಿನಡಿ ಬಂದು ಕೂತಿತು. ಆಮೇಲೆ ನಾಚಿಕೆಯಾಗಿ ಸಮಭಾಜಕದ ಉದ್ದಕ್ಕೂ ಸುಮಾರು ಎಪ್ಪತ್ತು ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸಿದರು. 1994ರ ಕೊನೆಗೆ ಅದು ಪೂರ್ತಿಯಾಯಿತು. ನೀರಿನ ಬಿಸಿ, ಗಾಳಿಯ ವೇಗ ಎಲ್ಲ ಅಳೆದು ಕಳಿಸುತ್ತವೆ. ಒಳ್ಳೆಯ ಕೆಲಸ. ಕಡಲಹಕ್ಕಿಗಳು ಅದರ ಮೇಲೆ ಕೂತು ತಮ್ಮ ಕರ್ತವ್ಯವನ್ನೂ ಮಾಡುತ್ತವೆ.

ಪ್ರಶ್ನೆ: ಎಲ್ಲರಿಗೂ ನಷ್ಟವೇ? ಯಾರಿಗೂ ಲಾಭವಿಲ್ಲವೇ?

ಅಜ್ಜಿ: ಬರ ಬಂದಾಗ ನಿಮ್ಮಲ್ಲಿ ಟ್ಯಾಂಕರಿನವರಿಗೆ ಇಲ್ಲವೇ? ಇದೇ ಪಿಸ್ಕೊ ಕೊಲ್ಲಿಯಲ್ಲಿ 1983ರಲ್ಲಿ ಬೀಸಣಿಗೆ ಚಿಪ್ಪಿನ ಮೃದ್ವಂಗಿಗಳು ಹುಚ್ಚೆದ್ದು ಹೆಚ್ಚಿದವು, ಮುಳುಗು ಹಾಕುವವರು ಕೈತುಂಬ ಸಂಪಾದಿಸಿದರು. ಬೆಚ್ಚಗಿನ ನೀರಿನ ದೊಡ್ಡ ಮೀನುಗಳು ದಡಕ್ಕೆ ಬಂದವು. ಉತ್ತರದ ಸೆಚೂರ ಮರುಭೂಮಿಯಲ್ಲಿ 1998ರಲ್ಲಿ ಮಳೆ ಸುರಿದೂ ಸುರಿದೂ ನೂರು ಕಿಲೋಮೀಟರಿಗೂ ಉದ್ದದ ಕೆರೆಯೇ ನಿಂತಿತು. ಕಯಾವೊ ಬಂದರಿನಲ್ಲಂತೂ ಇನ್ನೊಂದು ಸೊಗಸು. ನೀರಿನಲ್ಲಿ ಸತ್ತದ್ದೆಲ್ಲ ಕೊಳೆತು ಹೈಡ್ರೋಜನ್ ಸಲ್ಫೈಡ್ ಎದ್ದು ಬಂದು ಹಡಗುಗಳ ಬಿಳಿ ಬಣ್ಣ ಕಪ್ಪಾಗುತ್ತಿತ್ತು. ನಾವಿಕರು ಅದನ್ನು ಕಯಾವೊ ಪೇಂಟರ್ ಎಂದು ಕರೆದರು. ಕೂಲಿ ಕೇಳದೆ ರಾತ್ರೋರಾತ್ರಿ ಬಣ್ಣ ಬಳಿದು ಹೋಗುವ ಪೇಂಟರ್.

ನನಗೆ ಹೊಟ್ಟೆಕಿಚ್ಚು ಬರುವುದು ಗಲಾಪಗೋಸ್‌ನ ಕಡಲ ಇಗ್ವಾನಾಗಳನ್ನು ಕಂಡರೆ. ಅವು ತಿನ್ನುವ ಹಸಿರು, ಕೆಂಪು ಪಾಚಿ ಬಿಸಿನೀರಿಗೆ ಸತ್ತು, ಅರಗದ ಕಂದು ಪಾಚಿ ಬೆಳೆಯುತ್ತದೆ. ಆಗ ಅವು ಏನು ಮಾಡುತ್ತವೆ ಗೊತ್ತಾ? ಕುಗ್ಗುತ್ತವೆ. ತೂಕ ಅಲ್ಲಪ್ಪಾ, ಉದ್ದ! ಮೂಳೆಯೇ ಸವೆದು ನೂರಕ್ಕೆ ಇಪ್ಪತ್ತರವರೆಗೆ ಗಿಡ್ಡವಾಗುತ್ತವೆ, ಮೇವು ಬಂದ ಮೇಲೆ ಮತ್ತೆ ಬೆಳೆಯುತ್ತವೆ. ಹೆಚ್ಚು ಕುಗ್ಗಿದ್ದೇ ಹೆಚ್ಚು ದಿನ ಬದುಕಿತು ಅಂತ 2000ದಲ್ಲಿ ವಿಜ್ಞಾನಿಗಳು ಬರೆದರು. ಖರ್ಚು ಕಡಿತ ಅಂದರೆ ಅದು. ನಿಮ್ಮ ಹಣಕಾಸು ಇಲಾಖೆಯವರು ಒಮ್ಮೆ ಹೋಗಿ ನೋಡಿ ಬರಬೇಕು.

ಪ್ರಶ್ನೆ: ಹಾಗಾದರೆ ನಿಮ್ಮ ಕುಲ ನಾಶವಾಗಲು ಎಲ್ ನಿನೊನೇ ಕಾರಣ ಎಂದು ಬರೆದುಕೊಳ್ಳಲೇ?

(ಅಜ್ಜಿ ಕೊಕ್ಕು ಬಡಿದರು. ಪಕ್ಕದವಳೂ ತಿರುಗಿ ನೋಡಿದಳು.)

ಅಜ್ಜಿ: ಪೆನ್ನು ಕೆಳಗಿಡು. ಲೆಕ್ಕ ಹೇಳುತ್ತೇನೆ, ಆಮೇಲೆ ಬರೆದುಕೋ. 1955ರ ಸುಮಾರಿಗೆ ಈ ದಡದಲ್ಲಿ ಗೊಬ್ಬರದ ಹಕ್ಕಿಗಳು ಎಲ್ಲ ಸೇರಿ 2.8 ಕೋಟಿಯ ಹತ್ತಿರ ಇದ್ದೆವು. 1957-58ರಲ್ಲಿ ಹುಡುಗ ಬಂದ. 60 ಲಕ್ಷದ ಆಸುಪಾಸಿಗೆ ಇಳಿದೆವು. ಅತ್ತೆವು, ಸತ್ತೆವು, ಉಳಿದವರು ಬಂದು ಮತ್ತೆ ಮೊಟ್ಟೆ ಇಟ್ಟೆವು. ಐದಾರು ವರ್ಷದಲ್ಲಿ ಸುಮಾರು 1.7 ಕೋಟಿ ಆದೆವು. ಇನ್ನೂ ನಾಲ್ಕು ವರ್ಷ ಕೊಟ್ಟಿದ್ದರೆ ಹಳೆಯ ಲೆಕ್ಕಕ್ಕೆ ಮುಟ್ಟುತ್ತಿದ್ದೆವೇನೋ. 1965ರಲ್ಲಿ ಮತ್ತೆ ಬಂದ. ದೊಡ್ಡವನೇನಲ್ಲ, ಸಾಧಾರಣದವನು. ಆದರೂ ಸುಮಾರು 40 ಲಕ್ಷಕ್ಕೆ ಬಿದ್ದೆವು. ಆಮೇಲೆ ಏಳಲೇ ಇಲ್ಲ. ಅದೇ ಹುಡುಗ, ಅದೇ ಬಿಸಿನೀರು, ಅದೇ ನಾವು. ನಡುವೆ ಹೊಸದಾಗಿ ಬಂದದ್ದು ಏನು?

ಪ್ರಶ್ನೆ: ಬೋಟುಗಳು?

ಅಜ್ಜಿ: ಬೋಟು ಮತ್ತು ಫಿಶ್‌ಮೀಲ್ ಕಾರ್ಖಾನೆ. ಚಿಂಬೋಟೆ ಎಂಬ ಊರಿನಲ್ಲಿ ರಾತ್ರಿ ಹಗಲು ಹೊಗೆ. ನಾನು ತಿನ್ನುವ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ, ಪುಡಿ ಮಾಡಿ ಯುರೋಪಿನ, ಅಮೆರಿಕದ ಕೋಳಿಗೆ, ಹಂದಿಗೆ ಕಳಿಸಿದರು. ನನ್ನ ಬಾಯಿಂದ ಕಿತ್ತು ಕೋಳಿಯ ಬಾಯಿಗೆ. ವರ್ಷಕ್ಕೆ 95 ಲಕ್ಷ ಟನ್ನಿಗಿಂತ ಹೆಚ್ಚು ಹಿಡಿಯಬೇಡಿ ಅಂತ ತಜ್ಞರು ಹೇಳಿದ್ದರು. 1970ರಲ್ಲಿ 1.2 ಕೋಟಿ ಟನ್ ದಾಟಿತು. ಲೋಕದಲ್ಲಿ ಯಾವ ದೇಶವೂ ಒಂದೇ ಜಾತಿಯ ಮೀನನ್ನು ಅಷ್ಟು ಹಿಡಿದಿರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು.

1972ರಲ್ಲಿ ಹುಡುಗ ಬಂದ. ಇಲ್ಲಿದೆ ನೋಡು ಒಳಗುಟ್ಟು. ಕಡಲು ಕಾದಾಗ ಉಳಿದ ಆಂಚೊವೆಟಾ ಎಲ್ಲ ದಡದ ಪಕ್ಕದಲ್ಲಿ ಅಲ್ಲಲ್ಲಿ ಉಳಿಯುವ ತಣ್ಣೀರಿನ ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಹಿಡಿಯುವವನಿಗೆ ಮೀನು ಹಿಂದೆಂದಿಗಿಂತ ಸಲೀಸು. ಬಲೆ ತುಂಬಿತು, ಲಾರಿ ತುಂಬಿತು, ಸಮೃದ್ಧಿ ಅಂತ ತಿಳಿದರು. ಮನೆಗೆ ಬೆಂಕಿ ಬಿದ್ದಾಗ ಎಲ್ಲರೂ ಒಂದೇ ಕೋಣೆಗೆ ಓಡಿ ಬಂದಿದ್ದನ್ನು ಕಂಡು ಮನೆ ತುಂಬ ಜನ ಅಂದರಂತೆ! 1973ಕ್ಕೆ ಹಿಡಿತ 20 ಲಕ್ಷ ಟನ್ನಿನ ಆಸುಪಾಸಿಗೆ ಬಿತ್ತು. ಆಗಿನ ಮಿಲಿಟರಿ ಸರ್ಕಾರ ದಿವಾಳಿಯಾದ ಕಾರ್ಖಾನೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಮೀನಿನ ಪುಡಿ ಇಲ್ಲದೆ ಎಲ್ಲರೂ ಸೋಯಾದ ಹಿಂದೆ ಬಿದ್ದರು, ಬೆಲೆ ಏರಿತು. ಇದೂ ಒಂದು ಕಾರಣವಾಗಿ 1973ರ ಜೂನಿನಲ್ಲಿ ಅಮೆರಿಕದ ನಿಕ್ಸನ್ ಸರ್ಕಾರ ಸೋಯಾ ರಫ್ತಿಗೇ ತಡೆ ಹಾಕಿತು. ತೋಫು ತಿನ್ನುವ ಜಪಾನು ಕಂಗಾಲು. ಮುಂದೆ ಬ್ರೆಜಿಲ್ಲಿನಲ್ಲಿ ಸೋಯಾ ಹೊಲ ಹಬ್ಬಿದ್ದಕ್ಕೂ ಅದರ ನಂಟು ಇದೆ. ವಿಚಾರಣೆ ನಡೆಯಿತು. ಆರೋಪಿ ಯಾರು ಅಂದರೆ, ಹುಡುಗ! ಜಾಮೀನಿಗೆ ಬರುವುದಿಲ್ಲ, ವಕೀಲರನ್ನು ಇಡುವುದಿಲ್ಲ, ಹೇಳಿಕೆ ಕೊಡುವುದಿಲ್ಲ. ಇಂಥ ಆರೋಪಿ ಯಾವ ಪೊಲೀಸ್ ಠಾಣೆಗೆ ಸಿಗುತ್ತಾನೆ?

ಪ್ರಶ್ನೆ: ಅವನಿಗೆ ಏನೂ ಪಾಲಿಲ್ಲ ಅನ್ನುತ್ತೀರಾ?

ಅಜ್ಜಿ: ಪಾಲು ಇದೆ. ಅವನು ಬಂದಾಗ ನಾವು ಸಾಯುತ್ತೇವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವನು ಬಂದ ಮೇಲೆ ಹೋಗುತ್ತಾನೆ. ಸಾಮಾನ್ಯಕ್ಕೆ ಒಂದು ವರ್ಷದ ಹಾವಳಿ. ಅವನ ಲೆಕ್ಕ ಇಟ್ಟುಕೊಂಡೇ ನಮ್ಮ ಮೈ ರೂಪುಗೊಂಡಿದೆ, ಒಳ್ಳೆಯ ವರ್ಷ ಬಂದರೆ ಒಂದಕ್ಕೆ ಮೂರು ಮರಿ ಮಾಡುವುದು ಅದಕ್ಕೇ. ಬೋಟು ಹೋಗುವುದಿಲ್ಲವಲ್ಲ. ಈಗ ಪರವಾಗಿಲ್ಲ ಅನ್ನಬೇಕು. ಪೆರುವಿನ ಸಾಗರ ಸಂಸ್ಥೆಯವರು ಮೀನು ಎಣಿಸಿ ಕೋಟಾ ಹೇಳುತ್ತಾರೆ. 2023ರಲ್ಲಿ ಬಲೆಗೆ ಬಿದ್ದದ್ದೆಲ್ಲ ಮರಿಮೀನು ಅಂತ ಕಂಡಾಗ ಮೊದಲ ಹಂಗಾಮನ್ನೇ ರದ್ದು ಮಾಡಿದರು. 1972ರಲ್ಲಿ ಆ ಬುದ್ಧಿ ಇದ್ದಿದ್ದರೆ ಅಂತ ನಮ್ಮಜ್ಜಿ ಇದ್ದಿದ್ದರೆ ಅನ್ನುತ್ತಿದ್ದಳು. ಆದರೆ ನಮ್ಮ ಗ್ರಹಚಾರ, ಅದಕ್ಕೂ ಸ್ವಲ್ಪ ಮೊದಲು ಹಕ್ಕಿಜ್ವರ ಬಂದು ಲಕ್ಷಗಟ್ಟಲೆ ಹೋದೆವು. ಅದು ಮಾತ್ರ ನಮ್ಮ ವಂಶದ ಯಾವ ಲೆಕ್ಕದಲ್ಲೂ ಇರಲಿಲ್ಲ.

ಪ್ರಶ್ನೆ: ಲಾ ನಿನಾ ಬಗ್ಗೆ ಎರಡು ಮಾತು?

ಅಜ್ಜಿ: ಅವಳು ಬಂದರೆ ವಾಣಿಜ್ಯ ಮಾರುತ ಜೋರು, ಕಡಲು ಇನ್ನೂ ತಣ್ಣಗೆ, ನಮಗೆ ಹಬ್ಬ. ಆಸ್ಟ್ರೇಲಿಯಾದಲ್ಲಿ ಪ್ರವಾಹ. ನಿಮಗೆ ಸಾಮಾನ್ಯವಾಗಿ ಒಳ್ಳೆಯ ಮುಂಗಾರು. 2020ರಿಂದ 2023ರವರೆಗೆ ಸತತ ಮೂರು ಚಳಿಗಾಲ ಕೂತೇ ಇದ್ದಳು. ಒಳ್ಳೆಯವರ ಬಗ್ಗೆ ಪತ್ರಿಕೆಯಲ್ಲಿ ಜಾಸ್ತಿ ಬರೆಯುವುದಿಲ್ಲವಲ್ಲ ನೀವು, ಮುಂದಕ್ಕೆ ಹೋಗು. ಇವರಿಬ್ಬರಿಗಿಂತ ನಿಧಾನದ ಇನ್ನೊಂದು ಏರಿಳಿತ ಇದೆ, ಇಪ್ಪತ್ತು ಮೂವತ್ತು ವರ್ಷದ್ದು. ಪೆಸಿಫಿಕ್ಕಿನ ಈ ಮಗ್ಗುಲು ಬೆಚ್ಚಗಿರುವ ದಶಕಗಳಲ್ಲಿ ಇಲ್ಲಿ ಸಾರ್ಡೀನು, ತಣ್ಣಗಿರುವ ದಶಕಗಳಲ್ಲಿ ಆಂಚೊವೆಟಾ. 1970ರ ದಶಕದ ನಡುವಿನಿಂದ ಸಾರ್ಡೀನು ಹೆಚ್ಚಿತು, 90ರ ದಶಕದಲ್ಲಿ ಮತ್ತೆ ನಮ್ಮ ಮೀನು ಬಂತು. ಕೆಸರಿನ ಪದರದಲ್ಲಿ ಹೂತ ಮೀನಿನ ಹುರುಪೆ ಎಣಿಸಿ ಹಳೆಯ ಏರಿಳಿತವನ್ನೂ ಓದುತ್ತಾರೆ. ಅದು ನನಗೆ ಪೂರ್ತಿ ತಿಳಿಯುವುದಿಲ್ಲ, ನಮ್ಮ ಆಯುಸ್ಸಿಗೆ ದೊಡ್ಡ ಲೆಕ್ಕ.

ಪ್ರಶ್ನೆ: ನಮ್ಮ ಕಡೆಗೂ ಎಲ್ ನಿನೊಗೂ ನಂಟಿದೆ ಎಂಬುದು ನಿಮಗೆ ಗೊತ್ತೇ?

ಅಜ್ಜಿ: ಆ ನಂಟು ಹುಡುಕಿದವನೇ ನಿಮ್ಮ ಶಿಮ್ಲಾದಲ್ಲಿ ಕೂತಿದ್ದನಪ್ಪಾ. ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್. 1913ರಲ್ಲಿ ಮದ್ರಾಸ್ ಬಂದರಿನ ಗುಮಾಸ್ತ ರಾಮಾನುಜನ್ ಅವರ ಲೆಕ್ಕ ನೋಡಿ ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ ಬರೆದವನು. ಮುಂಗಾರು ಯಾವಾಗ ಕೈಕೊಡುತ್ತದೆ ಅಂತ ತಿಳಿಯಲು ಭಾರತೀಯ ಗುಮಾಸ್ತರ ಗುಂಪನ್ನೇ ಕೂರಿಸಿ ಲೋಕದ ಹವಾಮಾನದ ಅಂಕಿಗಳನ್ನೆಲ್ಲ ಒಂದಕ್ಕೊಂದು ಗುಣಿಸಿ ನೋಡಿದ. ಪೆಸಿಫಿಕ್ ಕಡೆ ವಾಯುಭಾರ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಇಳಿದರೆ ಅಲ್ಲಿ ಏರುತ್ತದೆ ಅಂತ ಸಿಕ್ಕಿತು. 1924ರಲ್ಲಿ ಅದಕ್ಕೆ ದಕ್ಷಿಣದ ಆಂದೋಲನ ಎಂದು ಹೆಸರಿಟ್ಟ. ಅದಕ್ಕೂ ನಮ್ಮ ಕಡಲ ಬಿಸಿಗೂ ಗಂಟು ಹಾಕಲು 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೊಬ್ ಬ್ಯರ್ಕ್‌ನೆಸ್ ಬರಬೇಕಾಯಿತು.

ಪ್ರಶ್ನೆ: ಮೈಸೂರು ಸೀಮೆಯ ಧಾತು ಈಶ್ವರ ಬರಕ್ಕೂ ಅದೇ ಕಾರಣವಂತೆ.

ಅಜ್ಜಿ: 1877ರಲ್ಲಿ ಹುಡುಗ ಭಾರಿಯಾಗಿಯೇ ಬಂದಿದ್ದ. ಮಳೆ ಹೋಯಿತು, ಒಪ್ಪಿದೆ. 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಮೈಸೂರು ಸಂಸ್ಥಾನ 1881ರಲ್ಲಿ ಸುಮಾರು 42 ಲಕ್ಷ. ಜನ ಹುಳುವಿನಂತೆ ಸಾಯುತ್ತಿದ್ದಾಗಲೂ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತುತ್ತಲೇ ಇತ್ತಂತಲ್ಲ, ಹಡಗು ಹತ್ತಿಸಿದವನೂ ಹುಡುಗನೇ ಏನು? ಆ ಹಡಗುಗಳ ಜಾತಿ ನಮಗೆ ಚೆನ್ನಾಗಿ ಗೊತ್ತು. ನಮ್ಮ ಹಿಕ್ಕೆ ಒಯ್ದದ್ದೂ ಅವರೇ.

ಪ್ರಶ್ನೆ: ಈಗ ಹಾಗಿಲ್ಲ. ಆದರೆ ಎಲ್ ನಿನೊ ಬಂದಾಗಲೆಲ್ಲ ನಮ್ಮಲ್ಲಿ ಬರ ಖಂಡಿತ.

ಅಜ್ಜಿ: ಯಾರು ಹೇಳಿದರು? 1997ರಲ್ಲಿ ಶತಮಾನದ ಗಟ್ಟಿ ಎಲ್ ನಿನೊ ಬಂದಾಗ ನಿಮ್ಮ ದೇಶದ ಮುಂಗಾರು ವಾಡಿಕೆಯ ಶೇ. 102. 2002ರಲ್ಲಿ ಸಾಧಾರಣದವನು ಬಂದ, ಶೇ. 81ಕ್ಕೆ ಇಳಿಯಿತು. 2009ರಲ್ಲಿ ಶೇ. 78. ಹುಡುಗನ ಎತ್ತರಕ್ಕೂ ನಿಮ್ಮ ಮಳೆಗೂ ನೇರ ತಾಳೆ ಇಲ್ಲ. ನಿಮ್ಮದೇ ಕಡಲಿನ ಮಾತೂ ಇದೆ. ಹಿಂದೂ ಮಹಾಸಾಗರದ ಪಶ್ಚಿಮ ಕಾದು ಪೂರ್ವ ತಣಿದರೆ ನಿಮಗೆ ಮಳೆಯ ಆಸರೆ. 1999ರಲ್ಲಿ ಆ ಕಡಲಿನ ಈ ಏರುಪೇರನ್ನು ನೇಚರ್ ಪತ್ರಿಕೆಯಲ್ಲಿ ಬರೆದ ನಾಲ್ವರಲ್ಲಿ ಗೋಸ್ವಾಮಿ ಅವರು ಆಗ ನಿಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು. ಅದೇ ಇನ್‌ಸ್ಟಿಟ್ಯೂಟಿನ ಸುಲೋಚನಾ ಗಾಡ್ಗೀಳ್ ಅವರು, ಪೆಸಿಫಿಕ್ ಒಂದನ್ನೇ ನೋಡಿ ಮುಂಗಾರು ಹೇಳಬೇಡಿ, ಹಿಂದೂ ಮಹಾಸಾಗರದ ಮೇಲಿನ ಮೋಡ, ಗಾಳಿಯನ್ನೂ ನೋಡಿ ಅಂತ ತೋರಿಸಿಕೊಟ್ಟರು. ಮನೆ ಬಾಗಿಲಲ್ಲೇ ಇಂಥವರ ಕೆಲಸವಿದ್ದೂ ಪೆರುವಿನ ಹಕ್ಕಿಯನ್ನು ಕೇಳಲು ಬಂದಿದ್ದೀಯಲ್ಲ!

ಪ್ರಶ್ನೆ: ಮಂಗಳೂರು, ಮಲ್ಪೆ ಕಡೆ ಬೂತಾಯಿ ಮೀನು ಕಡಿಮೆಯಾದಾಗಲೂ ಎಲ್ ನಿನೊ ಎಂದೇ ಹೇಳಿದ್ದರು.

ಅಜ್ಜಿ: ಬೂತಾಯಿಗೂ ಬಿಸಿನೀರು ಆಗದು, ಅದು ನಿಜವೇ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ ಬರೀ 3,300 ಟನ್. ಕೊಚ್ಚಿಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಎಲ್ ನಿನೊ ಹೆಸರೂ ಹೇಳಿದರು, ಮರಿಮೀನು ಬಾಚುವ ಬಲೆಯ ಹೆಸರೂ ಹೇಳಿದರು. ನಿಮ್ಮವರ ಕಿವಿಗೆ ಯಾವುದು ಬಿತ್ತು? ನಿಮ್ಮ ಕರಾವಳಿಯಲ್ಲೂ ಫಿಶ್‌ಮೀಲ್ ಕಾರ್ಖಾನೆಗಳಿವೆಯಂತೆ. ವಾಸನೆಯ ಬಗ್ಗೆ ಊರಿನವರು ಅರ್ಜಿ ಕೊಡುತ್ತಾರಂತೆ. ನಾವೂ ಕೊಡುತ್ತಿದ್ದೆವು, ನಮಗೆ ಬರೆಯಲು ಬರುವುದಿಲ್ಲ.

ಪ್ರಶ್ನೆ: ನಿಮ್ಮದೇನಾದರೂ ಬೇಡಿಕೆ ಇದೆಯೇ ಅಜ್ಜಿ?

ಅಜ್ಜಿ: ಒಂದೇ. ನಿಮ್ಮ ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರು ಅಂತ ಊರಿದೆಯಂತಲ್ಲ. ಹೆಜ್ಜಾರ್ಲೆಗಳು ಹುಣಸೆಮರದ ಮೇಲೆ ಗೂಡು ಕಟ್ಟುತ್ತವಂತೆ. ಊರಿನವರು ಮರದಡಿ ಗುಂಡಿ ತೋಡಿ ಗೋಡುಮಣ್ಣು ಹಾಕಿ ಹಿಕ್ಕೆ ಹಿಡಿದು ಹೊಲಕ್ಕೆ ಹಾಕುತ್ತಾರಂತೆ. ಯುದ್ಧವಿಲ್ಲ, ರಫ್ತಿಲ್ಲ, ಕಂಪನಿಯಿಲ್ಲ. ಅಲ್ಲಿಗೆ ನನಗೊಂದು ವರ್ಗಾವಣೆ ಮಾಡಿಸಿಕೊಡಲು ಆಗುತ್ತದಾ?

ಪ್ರಶ್ನೆ: ಅಲ್ಲಿ ಕಡಲಿಲ್ಲ ಅಜ್ಜಿ, ಕೆರೆಮೀನು. 2023ರಂಥ ವರ್ಷದಲ್ಲಿ ಕೆರೆಗಳೂ ಒಣಗುತ್ತವೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಿಸಿದ್ದರು. ಆ ಆಗಸ್ಟಿನಷ್ಟು ಒಣ ಆಗಸ್ಟು 1901ರಿಂದ ಈಚೆಗೆ ದೇಶ ಕಂಡಿರಲಿಲ್ಲ.

ಅಜ್ಜಿ: ಕಾರಣ?

ಪ್ರಶ್ನೆ: ಎಲ್ ನಿನೊ.

ಅಜ್ಜಿ: ಮಳೆ ಬಾರದ್ದಕ್ಕೆ ಅವನು ಸರಿ. ಅದಕ್ಕೆ ಹಿಂದಿನ ವರ್ಷ ಧಾರಾಳ ಮಳೆ ಬಂದಿತ್ತಲ್ಲ, ಆ ನೀರು ಕೆರೆಯಲ್ಲಿ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಹೂಳು ತುಂಬಿತ್ತು.

ಅಜ್ಜಿ: ಹೂಳು ತುಂಬಿದವನು?

ಪ್ರಶ್ನೆ: ...

ಅಜ್ಜಿ: ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಹೋಯಿತು?

ಪ್ರಶ್ನೆ: ಅಲ್ಲಿ ಈಗ ಬಡಾವಣೆ ಇದೆ. ಸೈಟುಗಳು.

ಅಜ್ಜಿ: ಪೆಸಿಫಿಕ್ಕಿನಿಂದ ಹುಡುಗ ಬಂದು ಸೈಟು ಮಾಡಿ ಹಂಚಿ ಹೋದನಾ? ಖಾತೆ ಮಾಡಿಸಿಕೊಟ್ಟನಾ? ಬೇಡಪ್ಪಾ, ವರ್ಗಾವಣೆ ಬೇಡ. ಇಲ್ಲಿನ ಕಡತ ನನಗೆ ರೂಢಿ. ಅಲ್ಲಿ ಹೋಗಿ ಹೊಸದಾಗಿ ಕನ್ನಡದಲ್ಲಿ ಅದನ್ನೇ ಓದಬೇಕು.

ಪ್ರಶ್ನೆ: ಇದನ್ನೆಲ್ಲ ತಮ್ಮ ಹೆಸರಿನಲ್ಲೇ ಪ್ರಕಟಿಸಬಹುದೇ?

ಅಜ್ಜಿ: ಅಯ್ಯೋ, ಹೆಸರು ಹಾಕಬೇಡ ಮಹರಾಯ. ಆ ಗೋಡೆಯ ಪಕ್ಕದಲ್ಲಿ ಸರ್ಕಾರದ ಕಾವಲುಗಾರ ಇದ್ದಾನೆ, ಮೊಟ್ಟೆಯ ಮೇಲೆ ಕೂತಿದ್ದೇನೆ. ಪೆಲಿಕನ್ ಹೇಳಿದ ಅಂತ ಹಾಕು. ಅವನು ಪತ್ರಿಕೆ ಓದುವುದಿಲ್ಲ.